ಪುಟದೊಳಗಿನ ತೊಟ್ಟಿಲು

ವೆಬ್‌ಸೈಟಿನಲ್ಲಿ ಬದಲಾಯಿಸಿದ್ದು ಕಾಣುತ್ತಿಲ್ಲ ಎಂದು ಯಾರಾದರೂ ಬಂದರೆ ಈಗ ನಾನು ಮೊದಲು ಅವರ ಮಾತನ್ನು ನಂಬುತ್ತೇನೆ. ಆಮೇಲೆ ಬೇರೆಯವರ ಫೋನು ಇಸಿದುಕೊಂಡು ನೋಡುತ್ತೇನೆ. ಇಷ್ಟು ಸಣ್ಣ ಬುದ್ಧಿ ನನಗೆ ಬಹಳ ತಡವಾಗಿ ಬಂತು.

ಕಲಘಟಗಿಯ ಬಸ್ ನಿಲ್ದಾಣದ ಹಿಂದೆ ನನ್ನದೊಂದು ಕಂಪ್ಯೂಟರ್ ಅಂಗಡಿ. ಪಹಣಿ ತೆಗೆದುಕೊಡುತ್ತೇನೆ, ಅರ್ಜಿ ತುಂಬಿಕೊಡುತ್ತೇನೆ. ಸಿದ್ಧ ಚೌಕಟ್ಟಿನಲ್ಲಿ ಫೋಟೊ, ಅಕ್ಷರ ಎಳೆದು ಕೂರಿಸಿ ವೆಬ್‌ಸೈಟ್ ಮಾಡುವುದನ್ನು ಫೋನು ನೋಡಿಯೇ ಕಲಿತಿದ್ದೆ. ಕಲಿತದ್ದು ಬೊಗಸೆಯಷ್ಟು, ಸೊಕ್ಕು ಮಾತ್ರ ಚೀಲಗಟ್ಟಲೆ.

ನಮ್ಮ ಓಣಿಯ ಕಾಕಾ ತೊಟ್ಟಿಲು ಮಾಡುವವರು. ಹೆಂಡತಿ ತೀರಿಕೊಂಡಿದ್ದರು. ಒಬ್ಬಳೇ ಮಗಳನ್ನು ಶಲವಡಿಗೆ ಕೊಟ್ಟಿದ್ದರು. ಆಕೆಗೆ ಎರಡು ಸಲ ಗರ್ಭ ನಿಂತಿರಲಿಲ್ಲ. ಮೂರನೆಯ ಸಲ ಡಾಕ್ಟರು ಹಾಸಿಗೆ ಬಿಟ್ಟು ಏಳಬೇಡ, ಪ್ರಯಾಣವಂತೂ ಬೇಡವೇ ಬೇಡ ಎಂದಿದ್ದರು. ಚೊಚ್ಚಲ ಕೂಸಿನ ತೊಟ್ಟಿಲು ತವರಿನಿಂದಲೇ ಹೋಗಬೇಕು. ಕಂಡವರ ಮಕ್ಕಳಿಗೆಲ್ಲ ತೊಟ್ಟಿಲು ಮಾಡಿದ ಕಾಕಾ ಈಗ ತಮ್ಮ ಮೊಮ್ಮಗುವಿಗೆ ಮಾಡುತ್ತಿದ್ದರು. ಮಲಗಿದಲ್ಲೇ ಮಗಳು ಅದನ್ನು ನೋಡಲಿ, ನಾಲ್ಕು ಜನ ಗಿರಾಕಿಗಳೂ ನೋಡಲಿ ಎಂದು ವೆಬ್‌ಸೈಟ್ ಕೇಳಿಕೊಂಡು ಬಂದರು.

ಮೊದಲ ದಿನ ಫೋಟೊಗಳು ಏರಲೇ ಇಲ್ಲ. ಭಾರವಾಗಿದ್ದವು, ಸಣ್ಣ ಮಾಡಿ ಹಾಕಿದೆ. ಫೋನಿನಲ್ಲಿ ತೆರೆದರೆ ಕಾಕಾನ ಹೆಸರು ತೊಟ್ಟಿಲಿನ ಮೇಲೆ ಬರೆದ ಬೆಣ್ಣೆ ಕೃಷ್ಣನ ಮುಖದ ಮೇಲೆ ಬಂದು ಕೂತಿತು, ಸರಿಸಿದೆ. ಎಲ್ಲಾ ಆಯಿತು, ಆದರೆ ನಿಂತ ತೊಟ್ಟಿಲು ನನಗೆ ಸಪ್ಪೆ ಅನ್ನಿಸಿತು. ಅವರ ಮನೆಗೇ ಹೋದೆ. ಕಾಕಾ ಊಟಕ್ಕೆ ಒಳಗೆ ಹೋದಾಗ, ಪಡಸಾಲೆಯಲ್ಲಿ ತೂಗುಹಾಕಿದ್ದ, ಮಗಳಿಗೆಂದು ಮಾಡಿದ ತೊಟ್ಟಿಲನ್ನು ಮೆಲ್ಲಗೆ ನೂಕಿ, ಬದಿಯಲ್ಲಿ ಕೂತು ಪುಟ್ಟ ವಿಡಿಯೋ ತೆಗೆದೆ. ಅದನ್ನೇ ಮೊದಲ ಪುಟಕ್ಕೆ ಹಾಕಿದೆ. ಮುಗಿದ ಕೂಡಲೇ ಮತ್ತೆ ಶುರುವಾಗುವ ವಿಡಿಯೋ. ತೊಟ್ಟಿಲು ತೂಗುತ್ತಲೇ ಇರುತ್ತಿತ್ತು.

ಮರುದಿನ ಅಂಗಡಿಯಲ್ಲಿ ಅದನ್ನು ನೋಡಿ ಕಾಕಾನ ಮುಖ ಸಣ್ಣಗಾಯಿತು.

"ಖಾಲಿ ತೊಟ್ಟಲಾ ತೂಗಬಾರದವಾ. ಕೂಸಿಗೆ ಚಲೋ ಅಲ್ಲ. ತಗದ್ ಬಿಡು."

"ಫೋನಿನ್ಯಾಗ ತೂಗಿದ್ರ ಏನಾಗ್ತದ ಕಾಕಾ?" ಎಂದು ನಕ್ಕೆ.

"ಮಗಳು ನೋಡ್ತಾಳ. ತಗೀ."

ತೆಗೆದೆ. ಸೇವ್ ಒತ್ತಿದೆ. ನನ್ನ ಪರದೆಯ ಮೇಲೆ ವಿಡಿಯೋ ಹೋಗಿತ್ತು. ಕಾಕಾ ಸಮಾಧಾನದಿಂದ ಎದ್ದುಹೋದರು.

ವಾರ ಕಳೆದು ಮತ್ತೆ ಬಂದರು. ಅವರದು ಬಟನ್ ಫೋನು, ಮಗಳನ್ನೇ ಕೇಳಿದ್ದರಂತೆ. "ಇನ್ನೂ ತೂಗಾಕತ್ತೇತಿ ಅಂದಳವಾ." ಆಕೆಯ ಫೋನಿನಲ್ಲಿ ಹಳೆಯದು ಉಳಿದಿದೆ, ಬಂದ್ ಮಾಡಿ ಮತ್ತೆ ತೆರೆಯಲು ಹೇಳಿ ಎಂದೆ. ಮತ್ತೆರಡು ದಿನಕ್ಕೆ ಪುನಃ ಬಂದರು. ಅಂಗಡಿ ತುಂಬ ಜನ. ನನಗೆ ಸಿಟ್ಟು ಬಂತು. "ನನ್ನ ಕಡೆ ಎಲ್ಲಾ ಬರೋಬ್ಬರಿ ಐತ್ರಿ ಕಾಕಾ. ಅಲ್ಲಿ ನೆಟ್‌ವರ್ಕ್ ಸರಿ ಇಲ್ಲ. ನಾ ಏನ್ ಮಾಡ್ಲಿ?" ಅವರು ಚಪ್ಪಲಿ ಮೆಟ್ಟಿಕೊಂಡು ಹೋದರು.

ಎಂಟನೆಯ ತಿಂಗಳಲ್ಲಿ ಕೂಸು ಹೊಟ್ಟೆಯಲ್ಲೇ ತೀರಿಕೊಂಡಿತು.

ಸುದ್ದಿ ಕೇಳಿದ ದಿನ ಅವ್ವನ ಫೋನಿನಲ್ಲಿ ಆ ಪುಟ ತೆರೆದೆ. ಯಾಕೆ ತೆರೆದೆನೋ ಗೊತ್ತಿಲ್ಲ. ತೊಟ್ಟಿಲು ತೂಗುತ್ತಿತ್ತು. ಅಂಗಡಿಗೆ ಓಡಿದೆ. ಪರದೆಯ ಮೂಲೆಯಲ್ಲಿ ಪಬ್ಲಿಶ್ ಎಂಬ ಗುಂಡಿ ನನ್ನನ್ನೇ ಕಾಯುತ್ತಿತ್ತು. ವಿಡಿಯೋ ಹಾಕಿದ ದಿನ ಅದನ್ನು ಒತ್ತಿದ್ದೆ, ತೆಗೆದ ದಿನ ಮರೆತಿದ್ದೆ. ಸೇವ್ ಮಾಡಿದ್ದು ನನಗೆ ಮಾತ್ರ ಕಾಣುತ್ತದೆ. ಪಬ್ಲಿಶ್ ಒತ್ತುವವರೆಗೆ ಲೋಕಕ್ಕೆಲ್ಲ ಹಳೆಯ ಪುಟವೇ. ಒತ್ತಿದೆ. ಕಣ್ಣು ಮುಚ್ಚಿ ತೆರೆಯುವುದರಲ್ಲಿ ಮುಗಿದುಹೋಯಿತು. ಖಾಲಿ ತೊಟ್ಟಿಲಿನ ಮಾತಿನಲ್ಲಿ ನನಗೆ ನಂಬಿಕೆ ಇಲ್ಲ. ಆದರೂ ಅಂಗಡಿ ಮುಚ್ಚಿ ಮನೆಗೆ ಹೋದೆ.

ತಿಂಗಳ ನಂತರ ಮಗಳು ತವರಿಗೆ ಬಂದಳು. ತಪ್ಪು ಒಪ್ಪಿಕೊಳ್ಳಲೇಬೇಕೆಂದು ಹೋದೆ. ಪಡಸಾಲೆಯಲ್ಲಿ ಅದೇ ತೊಟ್ಟಿಲು ಇತ್ತು. ಖಾಲಿ ಇರಬಾರದೆಂದು ಕಾಕಾ ಅದರೊಳಗೆ ಅರೆಯುವ ಗುಂಡಕಲ್ಲನ್ನು ಬಟ್ಟೆ ಸುತ್ತಿ ಮಲಗಿಸಿದ್ದರು. ಅದನ್ನು ನೋಡಿದ್ದೇ ನನ್ನ ಧೈರ್ಯವೆಲ್ಲ ಉಡುಗಿತು. ಅಳುತ್ತಲೇ ಎಲ್ಲ ಹೇಳಿದೆ. ನಾನು ಒತ್ತಲಿಲ್ಲ, ನಿಮ್ಮನ್ನು ನಂಬಲಿಲ್ಲ, ಮೇಲಿಂದ ನಿಮಗೇ ಬೈದೆ. ಬೇರೆ ಮನೆಯ ತೊಟ್ಟಿಲಿಗೆ ಬಣ್ಣ ಹಚ್ಚುತ್ತಿದ್ದ ಕಾಕಾ ತಲೆ ಎತ್ತಲಿಲ್ಲ.

ಮಗಳು ಗೋಡೆಗೆ ಒರಗಿ ಕೂತಿದ್ದಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಹಗುರಾಗುತ್ತಿತ್ತು.

"ಈಗ ಯಾಕ ತಗದ್ರಿ ಅಕ್ಕಾರ?" ಅಂದಳು. "ಬಾಜೂನಿಂದ ವಿಡಿಯೋ ತಗದಿದ್ರಲ್ರೀ, ಒಳಗ ಕಾಣತಿದ್ದಿಲ್ಲ. ನನ್ನ ಕೂಸು ಮಲಗೇತಿ ಅಂತ ಅನಕೊಂಡು ದಿನಾ ನೋಡತಿದ್ದೆ. ಹೊಟ್ಟಿ ಮ್ಯಾಲ ಕೈ ಇಟ್ಟು ಜೋಗುಳಾ ಹಾಡತಿದ್ದೆ. ದವಾಖಾನಿಯಿಂದ ಬಂದು ಫೋನ್ ತಗದು ನೋಡಿದ್ರ, ಅದೂ ಇಲ್ಲ."

ಆಕೆ ತನ್ನ ಫೋನನ್ನು ನನ್ನ ಕಡೆ ಚಾಚಿದಳು.

"ಮತ್ತ ಹಾಕ್ರಿ."

ನಾನು ಕಾಕಾನ ಮುಖ ನೋಡಿದೆ. ಅವರು ಕುಂಚ ಕೆಳಗಿಟ್ಟು, ತೊಟ್ಟಿಲಿನ ಬಳಿ ಹೋಗಿ, ಗುಂಡಕಲ್ಲಿನ ಮೇಲಿನ ಬಟ್ಟೆ ಸರಿಮಾಡಿದರು.

"ಆಕಿ ಹೇಳಿದಂಗ ಮಾಡವಾ," ಅಂದರು.

ಆ ಪಡಸಾಲೆಯಲ್ಲೇ ಕೂತು ವಿಡಿಯೋ ಮತ್ತೆ ಹಾಕಿದೆ. ಈ ಸಲ ಪಬ್ಲಿಶ್ ಒತ್ತಿದೆ. ಆಕೆಯ ಫೋನಿನಲ್ಲೇ ತೆರೆದು ಕಾಣುತ್ತದೋ ಇಲ್ಲವೋ ನೋಡಿ, ಅವಳ ಕೈಗೆ ಕೊಟ್ಟೆ.