ಬೀಗಿತ್ತಿಯನ್ನು ಕೇಳಬೇಕಾದ ಮಾತು

ನನ್ನ ಚಿಕ್ಕಮ್ಮನನ್ನು ನಮ್ಮ ಬೀದಿಯಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಬಟ್ಟೆ ಆಲ್ಟರ್ ಮಾಡುವ ಅಂಗಡಿ ಇಟ್ಟಾಗಿನಿಂದ ಅವಳು ಪಿನ್ನಮ್ಮ. ಷಟರ್ ಎತ್ತಿದ ಗಳಿಗೆಯಿಂದ ಅವಳ ತುಟಿಗಳ ನಡುವೆ ಗುಂಡುಪಿನ್ನುಗಳ ಸಾಲು. ಗಿರಾಕಿಯ ಕಾಲ ಬುಡದಲ್ಲಿ ಮಂಡಿಯೂರಿ ಪ್ಯಾಂಟಿನ ಅಂಚು ಮಡಚುತ್ತಾ, ಹುಬ್ಬೆತ್ತಿ "ಹ್ಞೂಂ?" ಎನ್ನುತ್ತಾಳೆ. ಇಷ್ಟು ಉದ್ದ ಸಾಕಾ ಎಂದರ್ಥ. ದನಿ ಇನ್ನೂ ಸ್ವಲ್ಪ ಮೇಲೇರಿದರೆ, ಸೊಂಟ ಬಿಗಿಯಾಯಿತಾ ಎಂದು. ಗಿರಾಕಿಗಳಿಗೆ ಅದೆಲ್ಲ ತಿಳಿಯುತ್ತದೆ. ಪಕ್ಕದ ಮೇಜಿನಲ್ಲಿ ಕಾಜಾ ಹೊಲಿಯುವ ನನಗೆ ಮಾತ್ರ, ಇವಳು ಪಿನ್ನು ನುಂಗಿಬಿಟ್ಟರೆ ಏನು ಗತಿ ಎಂಬ ಹೆದರಿಕೆ ಇಂದಿಗೂ ಹೋಗಿಲ್ಲ.

ಪಿನ್ನು ತೆಗೆದರೆ ಆ ಬಾಯಿಗೆ ಬೀಗವೇ ಇಲ್ಲ. ಅಂಥವಳಿಗೆ ಮಾತೇ ಆಡದ ಬೀಗಿತ್ತಿ ಗಂಟುಬಿದ್ದರು. ಚಿಕ್ಕಮ್ಮನ ಒಬ್ಬಳೇ ಮಗಳು ದಂತವೈದ್ಯರೊಬ್ಬರ ಹತ್ತಿರ ಕೆಲಸಕ್ಕಿದ್ದಾಳೆ. ಅಲ್ಲಿಗೆ ಹಲ್ಲಿನ ಸೆಟ್ಟು ಮಾಡಿಕೊಡುವ ಹುಡುಗನನ್ನು ಮೆಚ್ಚಿದಳು. ಹುಡುಗ ಇಟಲಿಯವನು, ಬಂಗಾರದಂಥವನು, ನಮ್ಮ ಮಾತನ್ನೂ ಕಲಿತಿದ್ದಾನೆ. ಅವನ ತಾಯಿಗೆ ಬರುವುದು ಇಟಾಲಿಯನ್ ಒಂದೇ, ಅದನ್ನೂ ಅವರು ಅಳೆದು ತೂಗಿ ಆಡುತ್ತಾರೆ. ಮೊದಲ ಸಲ ಮನೆಗೆ ಬಂದಾಗ ಕೈಕಟ್ಟಿ ಕೂತರು, ಕೊಟ್ಟದ್ದನ್ನು ತಿಂದರು, ಎದ್ದು ಹೋದರು. ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಮದುವೆಯಾದ ಮೇಲೆ ಮಗಳು ಬಾಳಬೇಕಾದದ್ದು ಆ ತಾಯಿಯ ಮನೆಯಲ್ಲೇ. ಮಗಳು ಬರುವುದು ಅವರಿಗೆ ಇಷ್ಟವೋ ಇಲ್ಲವೋ ತಿಳಿಯದೆ ಚಿಕ್ಕಮ್ಮ ಚಡಪಡಿಸಿದಳು. ತಾನೇ ಕೇಳಿ ಹೇಳುತ್ತೇನೆಂದು ಮಗಳು ಎಷ್ಟೋ ಸಮಾಧಾನ ಮಾಡಿದಳು.

"ನೀನು ಕೇಳಿದ್ರೆ ಅದು ಸೊಸೆ ಕೇಳಿದ ಹಾಗೆ," ಎಂದಳು ಚಿಕ್ಕಮ್ಮ. "ಹೆತ್ತೋಳು ಕೇಳಬೇಕು, ಹೆತ್ತೋಳು ಹೇಳಬೇಕು."

ಹಾಗೆ ಐವತ್ತೆಂಟರಲ್ಲಿ ಅವಳು ಲೈಬ್ರರಿಯ ಮಹಡಿಯಲ್ಲಿ ಸಂಜೆ ನಡೆಯುವ ಇಟಾಲಿಯನ್ ಕ್ಲಾಸಿಗೆ ಸೇರಿದಳು. ಅರವತ್ತಕ್ಕೆ ಅರಳು ಮರಳು ಅಂತಾರೆ, ಪಿನ್ನಮ್ಮನಿಗೆ ಎರಡು ವರ್ಷ ಮೊದಲೇ ಬಂತು ಎಂದು ಎದುರಿನ ಚಪ್ಪಲಿ ಅಂಗಡಿಯವರು ನಕ್ಕರು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ.

ಪಾಠ ಹೇಳುವ ಮೇಡಂ ಮಗಳಿಗಿಂತ ಚಿಕ್ಕವರು. ಆಗಿಹೋದ ಮಾತು ಹೇಳಬೇಕಾದರೆ ಆ ಭಾಷೆಯಲ್ಲಿ ಕ್ರಿಯಾಪದಕ್ಕೊಂದು ಸಹಾಯಕ ಕ್ರಿಯಾಪದ ಬೇಕಂತೆ. ತಿಂದದ್ದಕ್ಕೆ, ಹೊಲಿದದ್ದಕ್ಕೆ 'ಹೊಂದು' ಎನ್ನುವ ಪದ. ಹೋದದ್ದು, ಬಂದದ್ದು, ಹುಟ್ಟಿದ್ದು, ಸತ್ತದ್ದಕ್ಕೆ 'ಇರು' ಎನ್ನುವ ಪದ. ಚಿಕ್ಕಮ್ಮ ಜಗಳಕ್ಕೇ ನಿಂತಳಂತೆ. ನಮ್ಮಲ್ಲಿ ತಿಂದಿದ್ದೇನೆ, ಬಂದಿದ್ದೇನೆ, ಹೊಲಿದಿದ್ದೇನೆ, ಎಲ್ಲಕ್ಕೂ 'ಇರು' ಒಂದೇ ದುಡಿಯುತ್ತದೆ, ನಿಮ್ಮಲ್ಲಿ ಯಾಕೆ ಎರಡು ಆಳು ಎಂದು. ಹಸಿವು, ಭಯಗಳನ್ನೂ ಆ ಭಾಷೆಯವರು 'ಹೊಂದಿದ್ದೇನೆ' ಅನ್ನುತ್ತಾರೆ ಎಂದಾಗಲಂತೂ ಅಂಗಡಿಗೆ ಬಂದು ನನ್ನ ಮೇಲೆ ಹರಿಹಾಯ್ದಳು. "ಭಯಾನ ಯಾರಾದ್ರೂ ಇಟ್ಕೊಂಡಿರ್ತಾರೇನೇ? ಬಂದ್ರೆ ಬರುತ್ತೆ, ಹೋದ್ರೆ ಹೋಗುತ್ತೆ."

ಪ್ರಶ್ನೆ ಕೇಳುವುದು ಮಾತ್ರ ಅವಳಿಗೆ ಹಿಡಿಸಿತು. ಅದೇ ಬಳಗದ ಫ್ರೆಂಚಿನಲ್ಲಾದರೆ ಪದಗಳನ್ನು ಹಿಂದುಮುಂದು ಮಾಡುವುದೋ, ವಾಕ್ಯದ ಮೊದಲಿಗೆ ಇನ್ನೆರಡು ಪದ ಅಂಟಿಸುವುದೋ, ಏನೇನೋ ಉಂಟಂತೆ. ಇಟಾಲಿಯನ್ನಿನಲ್ಲಿ ಇದ್ದ ವಾಕ್ಯವನ್ನು ಇದ್ದ ಹಾಗೇ ಹೇಳಿ ಕೊನೆಗೆ ದನಿ ಎತ್ತಿದರೆ ಆಯಿತು, ಅದೇ ಪ್ರಶ್ನೆ. ಆ ವಿದ್ಯೆಯನ್ನು ಅವಳು ಪಿನ್ನು ಕಚ್ಚಿಕೊಂಡೇ ಕರಗತ ಮಾಡಿಕೊಂಡಿದ್ದಳಲ್ಲ.

ಮದುವೆಗೆ ಬೀಗಿತ್ತಿ ತೊಡುವ ಗೌನನ್ನು ತಾನೇ ಹೊಲಿಯುತ್ತೇನೆಂದು ಹಟ ಹಿಡಿದಳು. ಹೊಲಿಗೆ ನೆಪ, ಅವರು ಒಬ್ಬರೇ ಕೈಗೆ ಸಿಗಲಿ ಎಂಬುದು ಒಳಗುಟ್ಟು. ಒಂದು ಮಧ್ಯಾಹ್ನ ಮಗ ತಾಯಿಯನ್ನು ಅಂಗಡಿಗೆ ಬಿಟ್ಟು ಕೆಲಸಕ್ಕೆ ಹೋದ. ಅವರು ಪರದೆಯ ಹಿಂದೆ ಬಟ್ಟೆ ಬದಲಿಸಿ, ನೀಲಿ ಗೌನು ತೊಟ್ಟು ಕನ್ನಡಿಯ ಮುಂದೆ ಮರದ ಪೀಠ ಹತ್ತಿ ನಿಂತರು. ಚಿಕ್ಕಮ್ಮ ಕೆಳಗೆ ಕೂತು ಅಂಚಿಗೆ ಪಿನ್ನು ಚುಚ್ಚತೊಡಗಿದಳು. ಚುಚ್ಚಿದಳು, ತೆಗೆದಳು, ಮತ್ತೆ ಚುಚ್ಚಿದಳು.

ಕೊನೆಗೆ ಬಾಯಿಂದ ಪಿನ್ನುಗಳನ್ನೆಲ್ಲ ತೆಗೆದು ಅಂಗೈಯಲ್ಲಿಟ್ಟುಕೊಂಡು ತಲೆ ಎತ್ತಿದಳು. ವಾರಗಟ್ಟಲೆ ಬಾಯಿಪಾಠ ಮಾಡಿದ ಉದ್ದನೆಯ ವಾಕ್ಯ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಸಹಾಯಕ ಕ್ರಿಯಾಪದಗಳಲ್ಲಿ ಒಂದಾದರೂ ಸಹಾಯಕ್ಕೆ ಬರಲಿಲ್ಲ. ಗೋಡೆಯ ಮೇಲಿದ್ದ ಮಗಳ ಫೋಟೊ ತೋರಿಸಿ, ಆಮೇಲೆ ಅವರ ಎದೆಯ ಕಡೆ ಬೆರಳು ಮಾಡಿ, ಹುಬ್ಬೆತ್ತಿ ಒಂದೇ ಒಂದು ಪದ ಕೇಳಿದಳು.

"ಕೊಂತೆಂತಾ?"

ಸಂತೋಷವಾ ಎಂದು.

ಬೀಗಿತ್ತಿ ಕನ್ನಡಿಯಲ್ಲಿ ತಮ್ಮನ್ನೇ ನೋಡಿಕೊಂಡರು. "ನೋ," ಎಂದರು.

ಚಿಕ್ಕಮ್ಮನ ಮುಖ ಬಾಡಿಹೋಯಿತು. ಬೀಗಿತ್ತಿ ಅವಳ ಕಡೆ ತಿರುಗಿ ಮೆಲ್ಲಗೆ, "ಒ ಪವೂರಾ," ಎಂದರು.

ಅದು ಚಿಕ್ಕಮ್ಮ ಜಗಳವಾಡಿ ಕಲಿತ ಪಾಠ. ಭಯ ಹೊಂದಿದ್ದೇನೆ, ನನಗೆ ಭಯ. ಅವಳು ಅವರ ಮುಖ ನೋಡಿದಳು, ಕಣ್ಣು ತುಂಬಿ ಬಂದವು. "ಆಂಕಿಯೋ," ಎಂದಳು, ನನಗೂ ಎಂದು.

ಬೀಗಿತ್ತಿ ಪೀಠದಿಂದ ಇಳಿದು ಅದರ ಮೇಲೇ ಕೂತುಬಿಟ್ಟರು. ಆಮೇಲೆ ಅವರ ಬಾಯಿ ಬಿಚ್ಚಿತು ನೋಡಿ. ಕೈಸನ್ನೆ ಸೇರಿಸಿ ಚಿಕ್ಕಮ್ಮನಿಗೆ ಅರ್ಧ ತಿಳಿಯಿತು, ಉಳಿದರ್ಧವನ್ನು ಸಂಜೆ ಮಗ ತಿಳಿಸಿದ. ಗಂಡ ಹೋದ ಮೇಲೆ ಅವರ ಮನೆಯಲ್ಲಿ ಮಾತೇ ನಿಂತುಹೋಗಿತ್ತಂತೆ. ಅರಳು ಹುರಿದಂತೆ ಮಾತಾಡುವ ಈ ಹುಡುಗಿಗೆ ತನ್ನ ಜೊತೆ ಬೇಸರ ಬಂದು, ಮಗನನ್ನು ಕರೆದುಕೊಂಡು ಬೇರೆ ಹೋದರೆ ತನಗೆ ಯಾರಿದ್ದಾರೆ ಎಂದು ಆ ತಾಯಿ ಹೆದರಿ ಕೂತಿದ್ದರು. ನಾವು ಅದನ್ನು ಬಿಂಕ ಅಂದುಕೊಂಡಿದ್ದೆವು.

ಮತ್ತೆ ಪೀಠ ಹತ್ತಿದಾಗ ಬೀಗಿತ್ತಿ ಅಂಗೈ ಚಾಚಿ ಪಿನ್ನುಗಳನ್ನು ತಾವೇ ಇಸಿದುಕೊಂಡು ಒಂದೊಂದಾಗಿ ಕೊಡತೊಡಗಿದರು. ಅವತ್ತು ಚಿಕ್ಕಮ್ಮ ಮೊದಲ ಸಲ ಖಾಲಿ ಬಾಯಲ್ಲಿ ಅಂಚು ಕಟ್ಟಿದಳು. ಕಟ್ಟುತ್ತಾ ಮಗಳ ಬಾಲ್ಯದಿಂದ ಹಿಡಿದು ಎಲ್ಲವನ್ನೂ ಕನ್ನಡದಲ್ಲೇ ಒದರಿದಳು. ಅವರು "ಸಿ, ಸಿ" ಎಂದು ತಲೆಯಾಡಿಸಿದರು.

ಸಂಜೆ ಮಗಳು ಓಡಿಬಂದು, ಅವರು ಏನಂದರು ಎಂದು ಏದುಸಿರು ಬಿಡುತ್ತಾ ಕೇಳಿದಳು. ಚಿಕ್ಕಮ್ಮ ನೀಲಿ ಗೌನನ್ನು ಹ್ಯಾಂಗರಿಗೆ ಹಾಕಿ ಭುಜ ಸರಿಮಾಡಿದಳು.

"ಅವರಿಗೂ ಭಯವಂತೆ ಕಣೇ. ಈಗ ನನಗೆ ಧೈರ್ಯ ಬಂತು."