ಸಾವಿನ ಮನೆಯ ಕರೆಂಟು

ನಮ್ಮ ಅಡುಗೆಮನೆಯ ಕಿಟಕಿಯ ಸರಳುಗಳ ನಡುವಿನಿಂದ ಒಂದು ಕಪ್ಪು ಕೇಬಲ್ ಹೊರಗಿಳಿದು, ತುಳಸಿಕಟ್ಟೆಯನ್ನು ಬಳಸಿಕೊಂಡು, ಅಂಗಳದಲ್ಲಿ ನಿಂತ ಕಾರಿನ ಮೂಗಿಗೆ ಹೋಗಿ ಸೇರುತ್ತದೆ. ದವಾಖಾನೆಯಲ್ಲಿ ಮಲಗಿದ ಶ್ರೀಮಂತ ಬಂಧುವಿಗೆ ಸಲೈನ್ ಹಚ್ಚಿದ ಹಾಗೆ ಕಾಣುವ ಈ ದೃಶ್ಯಕ್ಕೆ, ಗದಗಿಗೆ ಅಂಟಿಕೊಂಡ ಬೆಟಗೇರಿಯ ನಮ್ಮ ಓಣಿ ಈಗ ಹೊಂದಿಕೊಂಡಿದೆ. ಹೊಂದಿಕೊಳ್ಳದವಳು ನನ್ನ ಹೆಂಡತಿ ಗಂಗವ್ವ ಒಬ್ಬಳೇ. ಮನೆಯಲ್ಲಿರುವ ದೊಡ್ಡ ಪ್ಲಗ್ಗು ಒಂದೇ. ಅದರ ಮೇಲೆ ಮೊದಲ ಹಕ್ಕು ಅವಳ ಮಿಕ್ಸರಿನದು. ಕಾರಿನ ಪಿನ್ನು ಕಿತ್ತು ಶೇಂಗಾ ಚಟ್ನಿ ಅರೆದುಕೊಳ್ಳುವ ಅವಳು ಪಿನ್ನನ್ನು ಮರಳಿ ಹಚ್ಚುವುದು ನೆನಪಾದರೆ ಮಾತ್ರ. ಹೀಗಾಗಿ ನಮ್ಮ ಊಟದಲ್ಲಿ ಚಟ್ನಿ ಗಟ್ಟಿಯಾದ ದಿನ ಕಾರು ತೆಳ್ಳಗಾಗಿರುತ್ತದೆ.

ಈ ಕಾರನ್ನು ಕೊಳ್ಳುವಂತೆ ಮಾಡಿದವಳು ಮಗಳು ಸುಮಾ. ಗದಗಿನ ಶಾಲೆಯೊಂದರಲ್ಲಿ ಪಾಠ ಹೇಳುವವಳು, ಮನೆಗೆ ಬಂದರೂ ಹಲಗೆಯ ಮುಂದೆ ನಿಂತಂತೆಯೇ ಮಾತನಾಡುತ್ತಾಳೆ. ಹೊಗೆಯಿಲ್ಲ, ಸಪ್ಪಳವಿಲ್ಲ, ಆಯಿಲ್ ಬದಲಿಸುವ ರಗಳೆಯಿಲ್ಲ, ಪೆಟ್ರೋಲ್ ದರ ಏರಿದ ಸುದ್ದಿ ಓದಿ ರಕ್ತದೊತ್ತಡ ಏರಿಸಿಕೊಳ್ಳುವ ಪ್ರಸಂಗವೂ ಇಲ್ಲ ಎಂದಳು. ಅವಳು ಹೇಳಿದ್ದೆಲ್ಲ ಖರೆ. ಆದರೆ ಖರೆ ಮಾತಿಗೂ ನಮ್ಮ ಊರಿಗೂ ನಡುವೆ ಯಾವಾಗಲೂ ಸ್ವಲ್ಪ ಅಂತರವಿರುತ್ತದೆ ಎನ್ನುವುದು ನಿಮಗೂ ಗೊತ್ತು. ಸಪ್ಪಳವಿಲ್ಲದ ಕಾರಿಗೆ ಬೆಟಗೇರಿಯ ಓಣಿಯಲ್ಲಿ ಯಾರೂ ಸರಿಯುವುದಿಲ್ಲ. ಎಮ್ಮೆಗಳಂತೂ ತಿರುಗಿಯೂ ನೋಡುವುದಿಲ್ಲ. ಹಾರ್ನ್ ಹೊಡೆದರೆ ಹಿರಿಯರು ಬೈಯುತ್ತಾರೆ. ನಾನು ಕಿಟಕಿಯಿಂದ ತಲೆ ಹೊರಹಾಕಿ, 'ಸರೀರಿ, ಸ್ವಲ್ಪ ಸರೀರಿ' ಎಂದು ಕೂಗುತ್ತ ಸಾಗುವುದನ್ನು ಕಂಡವರು, ನಾನು ಕಾರಿನಲ್ಲಿ ಏನೋ ಮಾರಿಕೊಂಡು ಹೊರಟಿದ್ದೇನೆಂದು ಭಾವಿಸುತ್ತಾರೆ. ಒಬ್ಬಾಕೆ ಕೈಯಲ್ಲಿ ಪಾತ್ರೆ ಹಿಡಿದು ಹೊರಗೆ ಬಂದದ್ದೂ ಉಂಟು.

ಹೊಸದರ ಕಥೆ ಹೀಗೆ. ಹಳೆಯದರ ಕಥೆ ಹೇಳದಿದ್ದರೆ ನನ್ನ ತಪ್ಪು ನಿಮಗೆ ತಿಳಿಯುವುದಿಲ್ಲ.

ನನ್ನದು ಪಾತ್ರೆ ಅಂಗಡಿ. ಈಗ ಅಳಿಯ ನೋಡಿಕೊಳ್ಳುತ್ತಾನೆ. ಅಂಗಡಿ ನಡೆಸುವ ಕಾಲದಲ್ಲಿ ನನ್ನ ಹತ್ತಿರ ಬಿಳಿಯ ಪೆಟ್ರೋಲ್ ಕಾರು ಇತ್ತು. ಕೊಡ, ತಪೇಲಿ, ಬೋಗುಣಿಗಳನ್ನು ಹಿಂದಿನ ಸೀಟಿನಲ್ಲಿ ತುಂಬಿಕೊಂಡು ಲಕ್ಷ್ಮೇಶ್ವರ, ಮುಂಡರಗಿ, ಶಿರಹಟ್ಟಿಯ ಸಂತೆಗಳಿಗೆ ಹೋಗುತ್ತಿದ್ದೆ. ಕಾರಿನ ಒಳಗೆ ಪಾತ್ರೆಗಳ ಸಪ್ಪಳ, ಹೊರಗೆ ಕಾರಿನ ಸಪ್ಪಳ. ನಾನು ಬರುವುದು ಊರಿಗೆ ಮೊದಲೇ ಗೊತ್ತಾಗುತ್ತಿತ್ತು. ಆ ಕಾರಿಗೆ ಇಲ್ಲದ ಬೇನೆಯಿರಲಿಲ್ಲ. ಅದನ್ನು ಅಷ್ಟು ವರ್ಷ ಬದುಕಿಸಿದವನು ಶಿರಹಟ್ಟಿಯ ಮೆಕ್ಯಾನಿಕ್ ರಾಜೇಸಾಬ. ನಾನು ಗ್ಯಾರೇಜಿನ ಮುಂದೆ ಕಾರು ನಿಲ್ಲಿಸಿದರೆ, 'ಏನಂತಾಳಪಾ ನಿಮ್ಮಾಕಿ?' ಎಂದು ಮೊದಲು ಕಾರಿನ ಬಾನೆಟ್ಟಿಗೆ ಕಿವಿಗೊಡುತ್ತಿದ್ದ. ಆಮೇಲೆ ನನ್ನ ಕಡೆ ತಿರುಗಿ, 'ಈರಪ್ಪಣ್ಣ, ನೀವೂ ಅರಾಮ ಅದೀರಿಲ್ರಿ?' ಎನ್ನುತ್ತಿದ್ದ. ಅವನು ನಟ್ಟು ಬಿಗಿಯುವಷ್ಟು ಹೊತ್ತು ನಾನು ಟೈರಿನ ಮೇಲೆ ಕುಳಿತು ಹರಟುತ್ತಿದ್ದೆ. ಕಾರು ಕೆಟ್ಟಾಗಲೆಲ್ಲ ನನಗೆ ಒಳಗೊಳಗೇ ಖುಷಿಯಾಗುತ್ತಿತ್ತೆಂದು ಈಗ ಅನಿಸುತ್ತದೆ. ಆಗ ಮಾತ್ರ ಬೈದಿದ್ದೇ ಬೈದಿದ್ದು.

ಅಂಥ ಕಾರನ್ನು ಲಕ್ಷ್ಮೇಶ್ವರದ ಒಬ್ಬರಿಗೆ ಮಾರಿ ಕರೆಂಟಿನ ಕಾರು ತಂದಾಗ ನಾನು ರಾಜೇಸಾಬನಿಗೆ ಹೇಳಲಿಲ್ಲ. 'ನಿನ್ನ ಕೈ ಇನ್ನು ನನಗೆ ಬೇಕಾಗಿಲ್ಲ' ಎಂದು ಗೆಳೆಯನಿಗೆ ಹೇಗೆ ಹೇಳುವುದು? ಶಿರಹಟ್ಟಿಗೆ ಹೋಗುವ ಕೆಲಸ ಬಂದರೆ ಬಸ್ಸಿನಲ್ಲಿ ಹೋಗಿ, ಗ್ಯಾರೇಜಿನ ರಸ್ತೆ ಬಿಟ್ಟು ಹಿಂದಿನ ಓಣಿಯಿಂದ ಕಳ್ಳನಂತೆ ದಾಟುತ್ತಿದ್ದೆ. ಮನೆಯ ಮುಂದೆ ಕಾರು ನಿಲ್ಲಿಸಿಟ್ಟು, ಆ ಕಾರಿನ ನಾಚಿಕೆಗೆ ಬಸ್ಸಿನಲ್ಲಿ ಜೋತುಬಿದ್ದು ಹೋಗುವ ಮನುಷ್ಯನನ್ನು ಕಂಡು ಗಂಗವ್ವ, 'ಭಾಳ ಉಳಿತಾಯ ಆಗಾಕತ್ತೇತಿ ನೋಡ್ರಿ' ಎಂದು ಚುಚ್ಚಿದಳು.

ಒಂದು ಮುಂಜಾನೆ ರಾಜೇಸಾಬ ತೀರಿಕೊಂಡ ಖಬರ ಬಂತು. ಮಣ್ಣು ಕೊಡುವುದು ಹಿಂದಿನ ದಿನವೇ ಆಗಿಹೋಗಿತ್ತು. ಮನೆಯವರನ್ನು ಮಾತಾಡಿಸಿ ಬರುವುದು ಉಳಿದಿತ್ತು. ಹರ್ತಿಯಲ್ಲಿದ್ದ ಒಂದು ಸಣ್ಣ ಕೆಲಸವನ್ನೂ ಆ ದಾರಿಗೇ ಕಟ್ಟಿಕೊಂಡು ನಾನು ಕಾರಿನಲ್ಲೇ ಹೊರಟೆ. ಹಿಂದಿನ ರಾತ್ರಿ ಮನೆಯಲ್ಲಿ ಚಟ್ನಿ ಗಟ್ಟಿಯಾಗಿತ್ತು ಎನ್ನುವುದನ್ನು ಮರೆತಿದ್ದೆ.

ಪೆಟ್ರೋಲ್ ಕಾಲದ ನಮ್ಮಂಥವರಿಗೆ ಒಂದು ಮೂಢನಂಬಿಕೆಯಿದೆ. ಮುಳ್ಳು ಸೊನ್ನೆಗೆ ಬಂದರೂ ಟ್ಯಾಂಕಿನ ತಳದಲ್ಲಿ ಇನ್ನೂ ಏನೋ ಉಳಿದಿರುತ್ತದೆ ಎಂದು ನಂಬಿಯೇ ನಾವು ಬದುಕಿದ್ದೇವೆ. ಸ್ಕೂಟರಿಗೆ ರಿಸರ್ವ್ ಇತ್ತು, ಅದೂ ಮುಗಿದರೆ ಗಾಡಿಯನ್ನು ಒಂದು ಬದಿಗೆ ಮಲಗಿಸಿ ಎಬ್ಬಿಸಿದರೆ ಬಂಕಿನವರೆಗೆ ಓಡುತ್ತಿತ್ತು. ಹರ್ತಿ ಬಿಟ್ಟು ಶಿರಹಟ್ಟಿಯ ಕಡೆ ಹೊರಟ ಮೇಲೆ ನನ್ನ ಕಾರು ಪರದೆಯ ಮೇಲೆ ಕೆಂಪು ಅಕ್ಷರ ತೋರಿಸಿತು. ನಾನು ಅದನ್ನು ಬೆದರಿಕೆ ಎಂದುಕೊಂಡೆ. ಆಮೇಲೆ ಒಂದು ಆಮೆಯ ಚಿತ್ರ ತೋರಿಸಿತು. ಚಿತ್ರದ ಆಮೆಯಷ್ಟೇ ವೇಗಕ್ಕೆ ಕಾರೂ ಇಳಿಯಿತು. ಜೋಳದ ಮೇವು ಹೇರಿದ ಚಕ್ಕಡಿಯೊಂದು ನನ್ನನ್ನು ದಾಟಿತು. ದಾಟುವಾಗ ಚಕ್ಕಡಿಯವನು ಬಗ್ಗಿ ನೋಡಿ, 'ಹೊಸಾದಾಗಿ ಕಲಿಯಾಕತ್ತೀರೇನ್ರೀ ಯಜಮಾನ್ರ?' ಎಂದು ಕೇಳಿದ. ಕಾರನ್ನು ಬದಿಗೆ ಮಲಗಿಸಿ ಎಬ್ಬಿಸುವ ಆಸೆ ನನ್ನಲ್ಲಿ ಬಲವಾಗಿ ಹುಟ್ಟಿತು.

ಅಂತೂ ರಾಜೇಸಾಬನ ಮನೆ ಮುಟ್ಟಿದೆ. ಮನೆಗೆ ಅಂಟಿಕೊಂಡೇ ಗ್ಯಾರೇಜು. ಬಾಗಿಲು ಮುಚ್ಚಿತ್ತು. ಜನರ ಕಣ್ಣಿಗೆ ಬೀಳದಿರಲೆಂದು ಕಾರನ್ನು ಗ್ಯಾರೇಜಿನ ಹಿಂದೆ ಒಯ್ದು ನಿಲ್ಲಿಸಿದರೆ, ಅಲ್ಲೊಂದು ತೆರೆದ ಕಿಟಕಿ, ಕಿಟಕಿಯ ಒಳಗೆ ಕೈಗೆ ಎಟುಕುವಂತೆ ವೆಲ್ಡಿಂಗ್ ಮಷಿನ್ನಿನ ದೊಡ್ಡ ಪ್ಲಗ್ಗು. ಗೆಳೆಯರೇ, ಸಾವಿನ ಮನೆಯಲ್ಲಿ ಒಂದು ಲೋಟ ನೀರು ಕೇಳಲೂ ಹಿಂದೆಮುಂದೆ ನೋಡುವವರು ನಾವು. ಅಲ್ಲಿ ಹೋಗಿ, 'ಭಾಳ ಕೆಟ್ಟ ಆತು; ಅಂದಂಗ ನನ್ನ ಕಾರಿಗೆ ಸ್ವಲ್ಪ ಕರೆಂಟ್ ಸಿಗತೈತೇನ್ರಿ?' ಎನ್ನುವುದು ಯಾವ ಬಾಯಿಂದ? ಕೇಳುವುದಕ್ಕಿಂತ ಕದಿಯುವುದೇ ಮರ್ಯಾದೆಯೆಂದು ಅನಿಸಿತು. ಆ ಕಡೆ ಈ ಕಡೆ ನೋಡಿ, ಕೇಬಲ್ ಒಳಗೆ ತೂರಿಸಿ, ಪಿನ್ನು ಹಚ್ಚಿ, ಮುಖದಲ್ಲಿ ದುಃಖ ತಂದುಕೊಂಡು ಮುಂದಿನ ಬಾಗಿಲಿಗೆ ಬಂದೆ. ದುಃಖ ಸುಳ್ಳಾಗಿರಲಿಲ್ಲ. ಅದರ ಮೇಲೆ ಅಂಜಿಕೆ ಕುಳಿತಿತ್ತು, ಅಷ್ಟೇ.

ಮಾತಾಡಿಸಲು ಹೋದವರು ಎಷ್ಟು ಹೊತ್ತು ಕೂರಬೇಕೆನ್ನುವುದಕ್ಕೆ ನಮ್ಮಲ್ಲಿ ಯಾರೂ ಬರೆದಿಡದ ಒಂದು ಅಳತೆಯಿದೆ. ಬರಬೇಕು, ಚಾಪೆಯ ಮೇಲೆ ಕೂರಬೇಕು, ಹೇಗಾಯಿತೆಂದು ಕೇಳಬೇಕು, 'ನಮ್ಮ ಕೈಯಾಗ ಏನೈತ್ರಿ' ಎನ್ನಬೇಕು, ಸ್ವಲ್ಪ ಸುಮ್ಮನಿದ್ದು ಏಳಬೇಕು. ನಾನು ಎಲ್ಲವನ್ನೂ ಮಾಡಿದೆ, ಏಳುವುದೊಂದನ್ನು ಬಿಟ್ಟು. ನಾನು ಬಂದ ಹೊತ್ತಿಗೇ ಬಂದವರು ಹೋದರು. ಅವರ ನಂತರ ಬಂದವರೂ ಹೋದರು. ನಾನು ಕುಳಿತೇ ಇದ್ದೆ. ಹಿರೇವಡ್ಡಟ್ಟಿಯಿಂದ ಬಂದ ಬೀಗರು ನನ್ನನ್ನು ಮನೆಯ ಹಿರಿಯನೆಂದು ತಿಳಿದು ನನಗೇ ಸಮಾಧಾನ ಹೇಳಿ ಹೋದರು.

ಮಧ್ಯಾಹ್ನ ತಲೆಯ ಮೇಲೆ ತಿರುಗುತ್ತಿದ್ದ ಫ್ಯಾನು ಥಟ್ಟನೆ ನಿಂತಿತು. ಕರೆಂಟ್ ಹೋಗಿತ್ತು. ಫ್ಯಾನಿನ ಜೊತೆ ಹಿಂದುಗಡೆ ಇನ್ನೊಂದು ಏನು ನಿಂತಿದೆ ಎಂಬುದು ನನಗೊಬ್ಬನಿಗೇ ಗೊತ್ತಿದ್ದುದರಿಂದ, 'ಅಯ್ಯೋ ಶಿವನೇ, ಇನ್ನ ಮುಗೀತು!' ಎಂದು ಎರಡೂ ಕೈಗಳಿಂದ ತಲೆ ಹಿಡಿದುಕೊಂಡೆ. ಚಾಪೆಯ ಮೇಲಿದ್ದವರ ಕಣ್ಣಲ್ಲಿ ನೀರು ಬಂತು. ಒಬ್ಬ ಮುದುಕ ನನ್ನ ಬೆನ್ನು ಸವರಿ, 'ಇಂಥಾ ದೋಸ್ತಿ ಈಗಿನ ಕಾಲದಾಗ ಎಲ್ಲಿ ಐತಿ' ಎಂದ. ಕರೆಂಟ್ ಮತ್ತೆ ಬಂದಾಗ ನಾನು ಬಿಟ್ಟ ಉಸಿರಿಗೂ ಅವರು ತಮಗೆ ತಿಳಿದ ಅರ್ಥವನ್ನೇ ಕಟ್ಟಿದರು. ಅಕ್ಕಪಕ್ಕದ ಮನೆಯಿಂದ ಬಂದ ಊಟದಲ್ಲಿ ಮೊದಲ ತಾಟು ನನ್ನ ಮುಂದೆ ಬಂತು. ನಾನು ಅರ್ಧ ಊಟಕ್ಕೇ ಕೈ ತೊಳೆದದ್ದೂ ನನ್ನ ಕೀರ್ತಿಯನ್ನೇ ಹೆಚ್ಚಿಸಿತು.

ಇಷ್ಟಾದರೆ ಇದೊಂದು ನಗೆಯ ಪ್ರಸಂಗವಾಗಿ ಮುಗಿಯುತ್ತಿತ್ತು. ಸಂಜೆಯ ಹೊತ್ತಿಗೆ ಬಂದವರೆಲ್ಲ ಕರಗಿದ ಮೇಲೆ ರಾಜೇಸಾಬನ ಇಬ್ಬರು ಮಕ್ಕಳು ನನ್ನೆದುರು ಬಂದು ಕುಳಿತರು. ಹಿರಿಯ ದಸ್ತಗೀರ, ಕಿರಿಯ ರಫೀಕ. ಒಳಕೋಣೆಯ ಪರದೆಯ ಹಿಂದೆ ತಾಯಿ ಬೀಬಿಜಾನ್ ಕುಳಿತ ಸಪ್ಪಳವಾಯಿತು.

ದಸ್ತಗೀರ ಹೇಳಿದ: 'ಕಾಕಾ, ಗ್ಯಾರೇಜ್ ಬಂದ್ ಮಾಡಿ ಸಾಮಾನ ಮಾರೂದು ಅಂತ ನಾ ಅಂತೀನಿ. ಎಲ್ಲಾರೂ ಕರೆಂಟ್ ಗಾಡಿ ತೊಗೊಳ್ಳಾಕತ್ತಾರ. ಇನ್ನ ನಾಕ ದಿನ ಹೋದ್ರ ನಟ್ಟು ಬಿಗಿಯೂ ಪಾನಾ ಹಿಡಿದು ಯಾರ ಮನಿ ಮುಂದ ನಿಂದ್ರೂದು?'

'ಗೊಬ್ಬರದ ಅಂಗಡ್ಯಾಗ ಕೂಲಿಗೆ ಹೋಗಾಂವ ಇಂವ' ಎಂದ ರಫೀಕ. 'ಅಬ್ಬಾನ ಕೈ ಆಡಿದ ಜಾಗಾ ಅದು. ನಾ ಬಿಡಾಂವಲ್ಲ.'

'ಜಾಗಾ ನೆಕ್ಕಿದ್ರ ಹೊಟ್ಟಿ ತುಂಬತೈತೇನಲೇ?'

'ಸುಮ್ನಿರ್ರಿ ಇಬ್ರೂ' ಎಂದು ಪರದೆಯ ಹಿಂದಿನಿಂದ ದನಿ ಬಂತು. 'ಅಣ್ಣಾರ, ಬಂದವರೆಲ್ಲಾ ಎದ್ದು ಹೋದ್ರು, ಮುಂಜಾನಿಂದ ಕುಂತವರು ನೀವೊಬ್ಬರ. ನಿಮ್ಮಷ್ಟು ಹಚ್ಚಿಕೊಂಡವರು ಅವರಿಗೆ ಬ್ಯಾರೆ ಯಾರೂ ಇಲ್ಲ. ನೀವು ಹೇಳಿದ್ದ ಆಖರಿ. ಮುಚ್ಚಂದ್ರ ಮುಚ್ಚತೀವಿ.'

ಎಲ್ಲಿಂದಲೋ ಕದ್ದು ತಂದ ಕೀರ್ತಿ ಒಮ್ಮೆಲೇ ಹೀಗೆ ತೀರ್ಪಿನ ಪೀಠವಾಗಿಬಿಟ್ಟರೆ ಏನು ಮಾಡುವುದು? ಒಂದು ಮನೆಯ ಅನ್ನ, ಇಬ್ಬರು ಅಣ್ಣತಮ್ಮಂದಿರ ಒಗ್ಗಟ್ಟು ನನ್ನ ನಾಲಿಗೆಯ ಮೇಲೆ ಬಂದು ಕುಳಿತಿತ್ತು. ಪೆಟ್ರೋಲಿನ ಕಾಲ ಮುಗಿಯಿತೆಂದರೆ ಗ್ಯಾರೇಜು ಹೋಯಿತು. ಮುಗಿದಿಲ್ಲವೆಂದರೆ, ಹಾಗೆ ಹೇಳುವವನ ಕಾರು ಅದೇ ಗೋಡೆಯ ಆಚೆ ಅವರದೇ ಕರೆಂಟು ಕುಡಿಯುತ್ತ ನಿಂತಿತ್ತು. ಜೀವನದಲ್ಲಿ ನಾನು ಜಾಣತನದಿಂದ ಸುಮ್ಮನಿದ್ದು ದಾಟಿದ ಸಂದರ್ಭಗಳು ಬಹಳ. ಅಂದು ದಾಟಲಾಗಲಿಲ್ಲ.

'ತಂಗೀ' ಎಂದೆ, 'ನಾ ದುಃಖಕ್ಕ ಕುಂತಾಂವಲ್ಲ. ನನ್ನ ಗಾಡ್ಯಾಗ ಕರೆಂಟ್ ತೀರಿತ್ತು. ನಿಮ್ಮನ್ನ ಕೇಳದ ಹಿಂದಿನ ಕಿಡಕ್ಯಾಗಿಂದ ವಾಯರ್ ಹಚ್ಚೀನಿ. ಅದು ತುಂಬಲಿ ಅಂತ ಕುಂತೀನಿ. ತಲಿ ಹಿಡಕೊಂಡಿದ್ದೂ ಕರೆಂಟ್ ಹೋತಂತ. ರಾಜೇಸಾಬಗ ಹೇಳದ ಹಳೇ ಕಾರು ಮಾರಿ, ಅಂವನ ಕಣ್ಣ ತಪ್ಪಿಸಿ ತಿರುಗ್ಯಾಡಿದಾಂವ ನಾನು. ನನ್ನ ಮಾತು ಆಖರಿ ಮಾಡಬ್ಯಾಡ್ರಿ.'

ದಸ್ತಗೀರ ಎದ್ದು ಹಿಂದಕ್ಕೆ ಹೋಗಿ ನೋಡಿ ಬಂದ. ರಫೀಕ ಬಾಯಿಗೆ ಟವೆಲ್ ಒತ್ತಿಕೊಂಡ. ಅವನ ಹೆಗಲುಗಳು ಕುಣಿಯುತ್ತಿದ್ದವು. ನಗುವೋ ಅಳುವೋ ತಿಳಿಯಲಿಲ್ಲ, ಬಹುಶಃ ಅವನಿಗೂ ತಿಳಿದಿರಲಿಲ್ಲ.

'ಕಾರು ಮಾರಿದ್ದು ಅವರಿಗೆ ಗೊತ್ತಿತ್ರಿ' ಎಂದಳು ಬೀಬಿಜಾನ್ ಪರದೆಯ ಹಿಂದಿನಿಂದ. 'ತೊಗೊಂಡವರು ಲಕ್ಷ್ಮೇಶ್ವರದಿಂದ ದುರಸ್ತಿಗೆ ಇಲ್ಲೇ ತರತಾರ. ಬ್ಯಾರೆ ಯಾರ ಕೈಗೆ ಬಗ್ಗತೈತಿ ಅದು? ಈರಪ್ಪಣ್ಣ ಬರವೊಲ್ಲ ಅಂತ ನಾ ಅಂದ್ರ, ಕರೆಂಟ್ ಗಾಡಿನೂ ಎಲ್ಲ್ಯಾರ ಒಂದ ಕಡೆ ನಿಂದ್ರಬೇಕಲ್ಲ, ಬರತಾನ ತಗೋ ಅಂತಿದ್ರು.'

ನಾನು ತಲೆ ತಗ್ಗಿಸಿದೆ. ನಾನು ಬಿಟ್ಟೆನೆಂದುಕೊಂಡ ಕಾರು ರಾಜೇಸಾಬನನ್ನು ಬಿಟ್ಟಿರಲಿಲ್ಲ. ಬೇರೆಯವರ ಕೈಯಲ್ಲಿ ಅದೇ ಹಾದಿಯಲ್ಲಿ ಅದೇ ಗ್ಯಾರೇಜಿಗೆ ಬರುತ್ತಲೇ ಇತ್ತು. ನಮ್ಮಂಥವರು ಹೊಸದಕ್ಕೆ ಬದಲಾದೆವೆಂದು ಬೀಗುವಾಗ ಹಳೆಯದೇನೂ ಸಾಯುವುದಿಲ್ಲ. ಅದು ನಮಗಿಂತ ಬಡವರ ಮನೆಗೆ ಹೋಗುತ್ತದೆ, ಅಲ್ಲಿ ಇನ್ನಷ್ಟು ವರ್ಷ ಹೊಗೆ ಉಗುಳುತ್ತ, ಇನ್ನಷ್ಟು ಮಂದಿಗೆ ಕೆಲಸ ಕೊಡುತ್ತ ಓಡುತ್ತದೆ. ಹೊಗೆ ಕಡಿಮೆ ಮಾಡಿದೆನೆಂಬ ನನ್ನ ಪುಣ್ಯ ಲಕ್ಷ್ಮೇಶ್ವರದವರೆಗೆ ಮಾತ್ರ ಹೋಗಿ ನಿಂತಿತ್ತು.

ಇದನ್ನೇ ನನಗೆ ತಿಳಿದ ಮಾತಿನಲ್ಲಿ ಹುಡುಗರಿಗೆ ಹೇಳಿದೆ. 'ನಾಕ ದಿನದಾಗ ಮುಗಿಯೂದಲ್ಲಪಾ ಇದು. ನೀವಿಬ್ರೂ ಮುದುಕ ಆಗೂತನ ಅಂಥಾ ಗಾಡಿ ಬರತಾವು. ಹೊಸಾವೂ ಬರತಾವು, ಅವಕ್ಕೂ ಗಾಲಿ ಅದಾವು, ಬ್ರೇಕ್ ಅದಾವು, ನನ್ನಂಥಾ ಮರಗುಳಿ ಮಾಲಕರೂ ಅದಾರ.'

'ಅಂದ್ರ ಒಂದು ದೊಡ್ಡ ಪ್ಲಗ್ಗು ರಸ್ತೆ ಕಡೆ ಹಾಕೂನು' ಎಂದ ದಸ್ತಗೀರ, ಇನ್ನೂ ಗಂಟಿಕ್ಕಿದ ಮುಖದಲ್ಲಿಯೇ. 'ಹಿತ್ತಲಕ ಬಂದು ಕಳವು ಮಾಡೂದಾರ ತಪ್ಪತೈತಿ.'

'ಅಣ್ಣ ಹೂಂ ಅಂದ ಬೇ' ಎಂದು ರಫೀಕ ಪರದೆಯ ಕಡೆ ಕೂಗಿದ. ಆಗ ಒಳಗಿನಿಂದ ಬಂದದ್ದು, ಆ ಮನೆಯಲ್ಲಿ ಎರಡು ದಿನದ ನಂತರ ಹುಟ್ಟಿದ ಮೊದಲ ನಗು. ಅದು ಅರ್ಧಕ್ಕೇ ಬಿಕ್ಕಳಿಕೆಯಾಗಿ ಮುರಿಯಿತು. ಆಗ ಎಲ್ಲರೂ ಅತ್ತೆವು. ಈ ಸಲ ಫ್ಯಾನು ತಿರುಗುತ್ತಲೇ ಇತ್ತು.

ದೀಪ ಹಚ್ಚುವ ಹೊತ್ತಿಗೆ ದಸ್ತಗೀರ ಹಿತ್ತಲಿಗೆ ಹೋಗಿ ಬಂದು, 'ಕಾಕಾ, ಗದಗ ಮುಟ್ಟೂವಷ್ಟು ಆಗೇತ್ರಿ. ಕತ್ತಲಾಗೂದರಾಗ ಹೊಂಡ್ರಿ' ಎಂದ.

'ಕತ್ತಲಾದ್ರ ಆಗಲಿ ಬಿಡು' ಎಂದೆ, ಮತ್ತು ಚಾಪೆಯ ಮೇಲೆ ಇನ್ನೂ ಸ್ವಲ್ಪ ಒಳಗೆ ಸರಿದು, ಗೋಡೆಗೆ ಬೆನ್ನು ಕೊಟ್ಟು ಕುಳಿತೆ.