ಎರಡು ಸೆಕೆಂಡಿನ ಉಳಿತಾಯ

ಅಂಧೇರಿಯ ಆ ಕಂಪನಿಯಲ್ಲಿ ಕೇಶವಮೂರ್ತಿಗಳು ಇಪ್ಪತ್ತೆರಡು ವರ್ಷ ಮಾಡಿದ್ದು ಒಂದೇ ಕೆಲಸ, ಟೈಮರ್ ಪರೀಕ್ಷೆ. ಯಂತ್ರ ತನ್ನ ಪಾಡಿಗೆ ದುಡಿಯುತ್ತಿರುವಾಗ ಹೇಳಿಟ್ಟ ಹೊತ್ತಿಗೆ ಅಡ್ಡ ಬಂದು ‘ಅದನ್ನು ಬಿಡು, ಇದನ್ನು ಮಾಡು’ ಎನ್ನುವುದು ಟೈಮರ್. ಅದು ಹೊತ್ತಿಗೆ ಸರಿಯಾಗಿ ಬರುತ್ತದೆಯೇ, ಬೇಡವೆಂದು ರದ್ದು ಮಾಡಿದರೆ ಸುಮ್ಮನಿರುತ್ತದೆಯೇ ಎಂದು ಇವರು ನೋಡಬೇಕು. ಇವರು ‘ಪಾಸ್’ ಎಂದರೆ ಮುಗಿಯಿತು. ಹಳೇ ಸಾಹುಕಾರನ ತೂಕದ ಕಲ್ಲನ್ನು ಯಾರೂ ಮರಳಿ ತೂಗುವುದಿಲ್ಲ.

ಮೈಸೂರಿನಿಂದ ಬಂದ ಅವರಿಗೆ ಮುಂಬೈ ಕಲಿಸಿದ ವಿದ್ಯೆಯೂ ಒಂದೇ: ಸಂಜೆ ೫.೪೨ರ ಬೊರಿವಲಿ ಫಾಸ್ಟ್ ಲೋಕಲ್ ರೈಲು ಹಿಡಿಯುವುದು.

ನಿವೃತ್ತಿಗೆ ವಾರವಿರುವಾಗ, ಅವರ ಜಾಗಕ್ಕೆ ಬಂದ ಶ್ರಾವ್ಯಾ ಹಳೆಯ ಪರೀಕ್ಷೆಗಳನ್ನು ಓದುತ್ತ ತಲೆಯೆತ್ತಿದಳು.

“ಸರ್, ಈ ಟೈಮರ್ ಬರೋದು ಐದನೇ ಸೆಕೆಂಡಿಗೆ. ನೀವು ಕ್ಯಾನ್ಸಲ್ ಮಾಡಿ, ಮೂರೇ ಸೆಕೆಂಡ್ ಕಾದು, ಬರಲಿಲ್ಲ, ಪಾಸ್ ಅಂದಿದ್ದೀರಿ. ಮೂರರೊಳಗೆ ಅದು ಹೇಗೂ ಬರಲ್ಲ ಅಲ್ವಾ?”

ನೂರಾರು ಪರೀಕ್ಷೆ. ಒಂದೊಂದರಲ್ಲಿ ಎರಡು ಸೆಕೆಂಡ್ ಕತ್ತರಿಸಿದರೆ ಗಾಡಿ ಸಿಗುತ್ತಿತ್ತು. ಗಿರಾಕಿ ಬರುವ ಮೊದಲೇ ಅಂಗಡಿ ಮುಚ್ಚಿ ‘ಇವತ್ತು ಒಂದೂ ತಕರಾರಿಲ್ಲ’ ಎಂದ ಹಾಗೆ. ಕೇಶವಮೂರ್ತಿಗಳು ಮೂರನ್ನು ಆರು ಮಾಡಿ ನಡೆಸಿದರು. ರದ್ದಾದ ಟೈಮರ್ ಐದನೇ ಸೆಕೆಂಡಿಗೆ ಹೊಸ ಅಳಿಯನ ಠೀವಿಯಲ್ಲಿ ಬಂದು ನಿಂತಿತು.

ಅವರಿಗೆ ಸಂಗಪ್ಪ ನೆನಪಾದ. ಒಂಬತ್ತು ವರ್ಷದ ಹಿಂದೆ ಇದೇ ಕಂಪನಿಯಲ್ಲಿ ಹಿಟ್ಟು ನಾದುವ ಯಂತ್ರಕ್ಕೆ ಪ್ರೋಗ್ರಾಂ ಬರೆದವನು. ನಿಲ್ಲಿಸಿದ್ದ ಯಂತ್ರ ತಾನಾಗಿ ತಿರುಗಿ, ಅದರೊಳಗೆ ಕೈಯಿಟ್ಟಿದ್ದ ಅಡುಗೆಯ ಮಾಧುರಿಬಾಯಿಯ ಎರಡು ಬೆರಳು ಮುರಿದಿದ್ದವು. ಅದರಲ್ಲಿದ್ದ ಇದೇ ಟೈಮರ್ ಪಾಸಾಗಿತ್ತಲ್ಲ, ತಪ್ಪು ಸಂಗಪ್ಪನದೇ ಎಂದಾಯಿತು. “ಸರ, ನಿಮ್ಮ ಟೆಸ್ಟ್ ಒಮ್ಮೆ ಕೂಡಿ ನೋಡೂಣೇನ್ರಿ?” ಎಂದು ಕೇಳಿದ್ದ. “ನಾಳೆ ನೋಡೋಣಪ್ಪ” ಎಂದು ಇವರು ಬ್ಯಾಗು ಹೆಗಲಿಗೇರಿಸಿದ್ದರು. ಮರುದಿನದ ಹೊತ್ತಿಗೆ ಅವನನ್ನು ಕೆಲಸದಿಂದ ತೆಗೆದಾಗಿತ್ತು.

ಈಗ ಅವನದು ಬೊರಿವಲಿ ಸ್ಟೇಷನ್ ಹತ್ತಿರ ಮಿಕ್ಸರ್ ರಿಪೇರಿಯ ಅಂಗಡಿ. ತಾವು ಕಂಪನಿಗೆ ಬರೆದುಕೊಟ್ಟ ತಪ್ಪೊಪ್ಪಿಗೆಯ ಒಂದು ಪ್ರತಿಯನ್ನು ಕೇಶವಮೂರ್ತಿಗಳು ಅವನ ಮುಂದಿಟ್ಟರು. ಸಂಗಪ್ಪ ಎರಡು ಸಲ ಓದಿದ.

“ನಾ ಬರದದ್ದನ್ನ ನೂರ ಸಲ ನೋಡೀನ್ರಿ ಸರ. ತಪ್ಪ ಸಿಗಲೇ ಇಲ್ಲ. ನನ್ನ ಕಣ್ಣಿಗೇ ಕಾಣವಲ್ದು ಅಂತ ಆ ಕೆಲಸಾನೇ ಬಿಟ್ಟೆ. ದೀಪಾವಳಿಗೊಮ್ಮೆ ಮಾಧುರಿಬಾಯಿಗೆ ಕೈ ಮುಗದು ಬರ್ತೀನಿ.”

“ಇನ್ನು ನೀನು ಕೈ ಮುಗಿಯೋದು ಬೇಡ. ಈ ಸಲ ನಾನು ಹೋಗ್ತೀನಿ.”

“ಹೋಗ್ರಿ. ಗಾಡಿ ಟೈಮ್ ನೋಡಕೋಬ್ಯಾಡ್ರಿ ಮತ್ತ.”

ಅವನು ನಕ್ಕ, ಇವರಿಗೆ ನಗು ಬರಲಿಲ್ಲ. ಸಂಗಪ್ಪ ಪತ್ರವನ್ನು ಸ್ಕ್ರೂಗಳ ಡಬ್ಬಿಯ ಕೆಳಗಿಟ್ಟು, ತಿರುಗುತ್ತಿದ್ದ ಮಿಕ್ಸರ್ ನಿಲ್ಲಿಸಿದ. ಪ್ಲಗ್ ಕಿತ್ತ. ಕೈ ಹಿಂದೆ ಕಟ್ಟಿಕೊಂಡು ಎಣಿಸತೊಡಗಿದ.

“ಪ್ಲಗ್ಗೇ ತೆಗೆದಿದ್ದೀಯಲ್ಲೋ ಸಂಗಪ್ಪ.”

“ಹೂಂರಿ,” ಎಂದ ಅವನು. ಆದರೂ ಹತ್ತಾದ ಮೇಲೆಯೇ ಮಿಕ್ಸರ್ ಜಾರಿನೊಳಗೆ ಕೈ ಹಾಕಿದ.